ರವೀಂದ್ರರ ಹೆಸರಿನ ಮರಳು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು ಏಕೆ ಬಂದಿತೆಂದು ಕೇಳಿದರೆ ಊರಿನ ಶಾಲಾಬಾಲಕನೂ ಉತ್ತರ ಹೇಳಬಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರರು ಅವರ ಮನೆಯಲ್ಲಿ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಇಲ್ಲಿಯೇ ಬರೆದರು. ಆದರೆ ಆ ನಾಟಕದಲ್ಲಿ ಏನಿದೆ ಎಂದು ಕೇಳಿನೋಡಿ, ಬಹುಮಂದಿ ಮೌನವಾಗುತ್ತಾರೆ. ಕವಿಯ ಹೆಸರನ್ನು ಇಟ್ಟುಕೊಂಡು ಕೃತಿಯನ್ನು ಬದಿಗಿರಿಸಿದ ಊರು ನಮ್ಮದು. ಈ ನಾಟಕವನ್ನು ಅದು ಹುಟ್ಟಿದ ತೀರದಲ್ಲಿ ನಿಂತು ಓದಿದರೆ ಏನು ಕಾಣುತ್ತದೆಂಬುದನ್ನು ಓದುಗರೊಡನೆ ಹಂಚಿಕೊಳ್ಳಬಯಸುತ್ತೇನೆ.

ಕಥೆ ಸರಳ. ಸಂನ್ಯಾಸಿಯೊಬ್ಬನು ಗುಹೆಯಲ್ಲಿ ತಪಸ್ಸು ಮಾಡಿ, ಎಲ್ಲ ಬಂಧನಗಳನ್ನೂ ಕಡಿದು ಪ್ರಕೃತಿಯನ್ನೇ ಗೆದ್ದೆನೆಂಬ ಹೆಮ್ಮೆಯಿಂದ ಹೊರಗೆ ಬರುತ್ತಾನೆ. ದಾರಿಯಲ್ಲಿ ಜನರು ಹೋಗಿಬರುತ್ತಾರೆ; ಹರಟುತ್ತಾರೆ, ಜಗಳವಾಡುತ್ತಾರೆ. ಅದೇ ದಾರಿಯಲ್ಲಿ ವಾಸಂತಿ ಎಂಬ ಅನಾಥ ಬಾಲೆಯಿದ್ದಾಳೆ. ಬಹಿಷ್ಕೃತನ ಮಗಳಾದ್ದರಿಂದ ಎಲ್ಲರೂ ಅವಳನ್ನು ದೂರವಿಡುತ್ತಾರೆ. ಸಂನ್ಯಾಸಿಗೆ ಶುದ್ಧ ಅಶುದ್ಧಗಳ ಭೇದವಿಲ್ಲ, ಆಶ್ರಯ ಕೊಡುತ್ತಾನೆ. ಆದರೆ ಅವಳ ಮೇಲಿನ ಮಮತೆ ತನ್ನನ್ನು ಮತ್ತೆ ಕಟ್ಟಿಹಾಕುತ್ತಿದೆಯೆಂದು ಅರಿತಾಗ ಬೆದರಿ ಓಡಿಹೋಗುತ್ತಾನೆ. ಕೊನೆಗೆ ದಂಡಕಮಂಡಲಗಳನ್ನು ಬಿಸುಟು ಹಿಂದಿರುಗುವಷ್ಟರಲ್ಲಿ ಬಾಲೆ ತೀರಿಕೊಂಡಿದ್ದಾಳೆ. ಸೀಮಿತದಲ್ಲಿಯೇ ಅಸೀಮವನ್ನು ಕಾಣುವ ಆನಂದವೆಂಬ ತಮ್ಮ ಮುಂದಿನ ಸಾಹಿತ್ಯದ ವಸ್ತುವಿಗೆ ಈ ನಾಟಕವೇ ಪೀಠಿಕೆಯೆಂದು ಟಾಗೋರರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಕೃತಿಯಲ್ಲಿ ತಾರುಣ್ಯದ ದೋಷಗಳಿವೆ. ಸಂನ್ಯಾಸಿಯ ಸ್ವಗತಗಳು ದೀರ್ಘ. ಅವನ ಹೃದಯಪರಿವರ್ತನೆಗೆ ಬಾಲೆಯೊಬ್ಬಳು ಸಾಯಬೇಕಾದುದು ನನಗೆ ಎಂದೂ ಹಿಡಿಸಿಲ್ಲ. ಆದರೆ ದಾರಿಯ ದೃಶ್ಯಗಳು ಸಜೀವ. ಎಲ್ಲರದೂ ಎನಿಸಿಕೊಂಡ ದಾರಿಯಲ್ಲಿ ವಾಸಂತಿ ಮಾತ್ರ ಬದಿಗೆ ಸರಿದು ನಿಲ್ಲಬೇಕು. ‘ಸಾರ್ವಜನಿಕ’ವೆಂಬ ಶಬ್ದದೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆಯನ್ನು ತರುಣ ಕವಿಯು ತಾನರಿಯದೆಯೇ ಎತ್ತಿದ್ದಾನೆ ಎಂದು ನನಗನಿಸುತ್ತದೆ.

ಆತ್ಮಕಥನದ ಕಾರವಾರವೇ ಬೇರೆ. ಅರ್ಧಚಂದ್ರಾಕಾರದ ತೀರ, ಗಾಳಿಮರಗಳ ತೋಪು, ಕಾಳಿನದಿಯಲ್ಲಿ ದೋಣಿವಿಹಾರ, ಬೆಳದಿಂಗಳಲ್ಲಿ ಮರಳ ಮೇಲೆ ನಡಿಗೆ. ರೈತನೊಬ್ಬನ ಮನೆಯ ಶುಭ್ರವಾಗಿ ಗುಡಿಸಿದ ಅಂಗಳದಲ್ಲಿ ಕುಳಿತು ತಾವು ತಂದಿದ್ದ ಬುತ್ತಿಯನ್ನು ಉಂಡ ಪ್ರಸಂಗ ಬಹಳ ಸೊಗಸಾಗಿದೆ. ಆದರೆ ಅಂಗಳ ಕಾಣುತ್ತದೆ, ಗುಡಿಸಿದವರು ಕಾಣುವುದಿಲ್ಲ. ಮರಳು ಕಾಣುತ್ತದೆ, ಬಲೆ ಎಳೆದವರು ಕಾಣುವುದಿಲ್ಲ. ನ್ಯಾಯಾಧೀಶರ ಮನೆಯ ಅತಿಥಿಯನ್ನು ಇದಕ್ಕಾಗಿ ದೂರುವುದು ಸಲ್ಲ. ಅದೇ ಕಣ್ಣನ್ನು ನಾವು ಆಸ್ತಿಯಾಗಿ ಪಡೆದುದು ಮಾತ್ರ ವಿಚಾರಿಸತಕ್ಕ ಸಂಗತಿ. ಹೆಸರಿಟ್ಟ ಮೇಲೆ ಕಡಲತೀರ ನಮಗೆ ವಾಯುವಿಹಾರದ ಸ್ಥಳವಾಯಿತು. ರಂಪಣಿ ಬಲೆಯ ಮೀನುಗಾರರಿಗೆ ಅದು ಕೆಲಸದ ನೆಲ. ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯಬೇಕು. ಬಂದ ಮೀನಿನಲ್ಲಿ ಎಳೆದವರಿಗೆ ಪಾಲಿದೆ. ಮರಳಿಲ್ಲದಿದ್ದರೆ ರಂಪಣಿಯಿಲ್ಲ, ಆ ಪಾಲುಗಾರಿಕೆಯೂ ಇಲ್ಲ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದಾಗಲೇ ಆ ಪದ್ಧತಿ ಅರ್ಧ ಕುಸಿದಿತ್ತು.

2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ವಿಸ್ತರಣೆಗೆ, ಇದೇ ತೀರದ ಬಳಿ ಅಲೆತಡೆಗೋಡೆ ಕಟ್ಟುವ ಕೆಲಸ ಪೊಲೀಸ್ ಕಾವಲಿನಲ್ಲಿ ಆರಂಭವಾಯಿತು. ಮೀನುಗಾರರು ಬೀದಿಗಿಳಿದರು, ಅಂಗಡಿಗಳು ಬಾಗಿಲು ಹಾಕಿದವು. ಅದೇ ತಿಂಗಳು ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆಗ ವಿಹಾರಿಗಳನ್ನೂ ಬಲೆಯವರನ್ನೂ ಒಂದುಗೂಡಿಸಿದ್ದು ಟಾಗೋರರ ಹೆಸರೇ ಎಂಬುದನ್ನು ಒಪ್ಪಬೇಕು. ಆದರೂ ಒಂದು ಸಂದೇಹ ಉಳಿಯುತ್ತದೆ. ಹೆಸರಿಲ್ಲದ ತೀರಗಳಿಗೆ ಈ ಒಗ್ಗಟ್ಟು ಏಕೆ ಸಿಗುವುದಿಲ್ಲ?

ಬಿಣಗಾ, ಅರ್ಗಾದ ಕಡೆಗೆ ಹೋಗಿ ನೋಡಿ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಾರವಾರ ಅಂಕೋಲೆಗಳ ನಡುವಿನ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ನಮ್ಮ ಹಿರಿಯರು ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಅಂಜದೀವ ದ್ವೀಪದ ಇಗರ್ಜಿಯೂ ನೌಕಾಪಡೆಯ ಎಲ್ಲೆಯೊಳಗೆ ಸೇರಿತು. ದೇಶರಕ್ಷಣೆ ಅಗತ್ಯ, ಅದರಲ್ಲಿ ವಾದವಿಲ್ಲ. ಆದರೆ ಅಲ್ಲಿ ಯಾವ ಕವಿಯೂ ತಂಗಿರಲಿಲ್ಲವಾದ್ದರಿಂದ ಕಳೆದುದನ್ನು ಹೇಳಲು ನಮ್ಮಲ್ಲಿ ಮಾತುಗಳೇ ಇರಲಿಲ್ಲ.

ಅಂಕೋಲೆಯಲ್ಲಿ ಇನ್ನೊಂದು ಬಗೆಯ ಕವಿಯಿದ್ದರು. ದಿನಕರ ದೇಸಾಯಿಯವರ ಚುಟುಕಗಳನ್ನು ನೀವು ಓದಿರುತ್ತೀರಿ. ಗೇಣಿದಾರರ ಪರವಾಗಿ ಹೋರಾಡಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತ್ತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ಬಂದಿತು. 1967ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಕವಿತೆಯಾಗಿ ತೂಗಿದರೆ ಚುಟುಕಗಳಲ್ಲಿ ಹಗುರವಾದವು ಅನೇಕ. ಟಾಗೋರರ ಪಕ್ಕದಲ್ಲಿ ಅವನ್ನು ಇಡಲು ನಾನು ಮುಂದಾಗುವುದಿಲ್ಲ. ಆದರೆ ಅಂಗಳ ಗುಡಿಸಿದವರು ಅವುಗಳಲ್ಲಿದ್ದಾರೆ; ಅವರ ಮಕ್ಕಳು ಆ ಶಾಲೆಗಳಲ್ಲಿ ಓದಿದರು. ರಾಜಕಾರಣವೂ ಸಂಸ್ಕೃತಿಯೂ ಒಬ್ಬನಲ್ಲಿಯೇ ಕೂಡಿ ಬಂದಾಗ ಸಂಸ್ಥೆ ಹುಟ್ಟಿತು. ಬೇರೆಬೇರೆಯಾದಾಗ ಒಂದು ಕಡೆ ನಾಮಫಲಕ, ಇನ್ನೊಂದು ಕಡೆ ಟೆಂಡರು.

1930ರ ಏಪ್ರಿಲ್ 13ರಂದು ಅಂಕೋಲೆಯ ಜನರು ಉಪ್ಪಿನ ಕಾನೂನನ್ನು ಮುರಿದರು. ಕಡಲು ಕೊಟ್ಟದ್ದಕ್ಕೆ ಸರಕಾರದ ಒಪ್ಪಿಗೆ ಬೇಕೆಂಬುದನ್ನೇ ಅವರು ನಿರಾಕರಿಸಿದ್ದರು. ಅದೇ ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಗಳ ಬಂದರನ್ನು ನಿರ್ಮಿಸಲು 2023ರಲ್ಲಿ ರಾಜ್ಯವು ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಯನ್ನು ಆರಿಸಿತು. 2025ರಲ್ಲಿ ಸಮುದ್ರದ ಸಮೀಕ್ಷೆ ನಡೆದಾಗ ಮೀನುಗಾರ ಕುಟುಂಬಗಳು ಪ್ರತಿಭಟಿಸಿದವು, ನಿಷೇಧಾಜ್ಞೆ ಜಾರಿಯಾಯಿತು. ಬಂದರಿನಿಂದ ಉದ್ಯೋಗ ಬರುತ್ತದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಯಾರಿಗೆ, ಯಾವ ಕೆಲಸ, ದಡ ಬಿಟ್ಟವರಿಗೆ ಅದರಲ್ಲಿ ಪಾಲೆಷ್ಟು ಎಂದು ಬರಹದಲ್ಲಿ ಕೇಳುವ ಹಕ್ಕು ಕೇಣಿಯವರಿಗಿದೆ. ರಂಪಣಿಯಲ್ಲಿ ಈ ಪ್ರಶ್ನೆಗೆ ಬಲೆ ಎಳೆಯುವ ಮೊದಲೇ ಉತ್ತರವಿರುತ್ತಿತ್ತು.