ಕಾಯುವವರು ಯಾರು, ಕಾಯಿಸುವವರು ಯಾರು

ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪ್ ಬೂಟ್ ಆಗಲು ತಡಮಾಡಿದರೆ ಗೊತ್ತಿದ್ದವರೆಲ್ಲ ಹೇಳುವ ಮದ್ದು ಒಂದೇ: ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಕೊಡಿ, ಪಟ್ಟಿಯ ಮೇಲ್ತುದಿಯಲ್ಲಿ ‘ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್’ ಕಂಡರೆ ಅದನ್ನು ಡಿಸೇಬಲ್ ಮಾಡಿ. ಎಷ್ಟೋ ಜನರಿಗೆ ಇದರಿಂದ ಗುಣ ಕಂಡಿದೆ. ಆದರೂ ನಾಡಿ ಹಿಡಿಯದೆ ಕೊಡುವ ಮದ್ದು ಇದು ಎಂಬುದು ನನ್ನ ತಕರಾರು. ತಕರಾರಿನ ಒಂದು ಪಾಲು ಸಲಹೆ ಕೊಡುವವರ ಮೇಲೆ, ಇನ್ನೊಂದು ಪಾಲು ಆ ಪಟ್ಟಿಯ ಮೇಲೇ.

ಬ್ಲೇಮ್ ಕೊಡುವ ಪಟ್ಟಿ ನೋಡಲು ಸರಳ. ಎಡಕ್ಕೆ ಸೆಕೆಂಡು, ಬಲಕ್ಕೆ ಸರ್ವಿಸ್‌ನ ಹೆಸರು, ಹೆಚ್ಚು ಹೊತ್ತು ಹಿಡಿದದ್ದು ಮೇಲೆ. ಆ ಸೆಕೆಂಡುಗಳಲ್ಲಿ ದುಡಿದ ಹೊತ್ತೆಷ್ಟು, ಸುಮ್ಮನೆ ಕಾದ ಹೊತ್ತೆಷ್ಟು ಎಂಬ ಭೇದ ಮಾತ್ರ ಅಲ್ಲಿಲ್ಲ. ವೇಟ್-ಆನ್‌ಲೈನ್‌ಗೆ ಇರುವ ಕೆಲಸವೇ ಕಾಯುವುದು. ನೆಟ್‌ವರ್ಕ್‌ಮ್ಯಾನೇಜರ್ ವೈಫೈಯನ್ನೋ ಕೇಬಲ್ಲನ್ನೋ ಜೋಡಿಸಿ ಮುಗಿಸುವವರೆಗೆ, ಇಲ್ಲವೇ ಆಗುವುದಿಲ್ಲ ಎಂದು ಕೈಬಿಡುವವರೆಗೆ ಅದು ನಿಂತಿರುತ್ತದೆ. ಪ್ರೊಸೆಸರ್‌ಗೆ ಅದರಿಂದ ಭಾರವೇನೂ ಇಲ್ಲ. ನೆಟ್‌ವರ್ಕ್ ಬೇಡದ ಸರ್ವಿಸ್‌ಗಳು ಅದೇ ಹೊತ್ತಿಗೆ ತಮ್ಮ ಪಾಡಿಗೆ ಶುರುವಾಗುತ್ತಿರುತ್ತವೆ. ಈ ಪಟ್ಟಿ ದಾರಿ ತಪ್ಪಿಸಬಹುದು ಎಂದು, ಬೂಟ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡಿಸುವ ಸಿಸ್ಟಮ್‌ಡಿಯ ಕೈಪಿಡಿಯೇ ಎಚ್ಚರಿಸುತ್ತದೆ. ಆ ಎಚ್ಚರಿಕೆ ಪಟ್ಟಿಯ ಕೆಳಗೇ ಅಚ್ಚಾಗಬೇಕಿತ್ತು. ಕೈಪಿಡಿ ತೆರೆದು ಓದುವ ತಾಳ್ಮೆ ಬೂಟ್‌ಗಾಗಿ ಕಾದು ಬೇಸತ್ತವರಿಗೆ ಎಲ್ಲಿಂದ ಬರಬೇಕು?

ಇದಕ್ಕಿಂತ ದೊಡ್ಡ ಕೊರತೆ ಒಟ್ಟು ಲೆಕ್ಕದಲ್ಲಿದೆ. ಬರೀ ‘ಸಿಸ್ಟಮ್‌ಡಿ-ಅನಲೈಜ್’ ಕೊಟ್ಟರೆ ಫರ್ಮ್‌ವೇರ್, ಲೋಡರ್, ಕರ್ನೆಲ್, ಯೂಸರ್‌ಸ್ಪೇಸ್ ಎಂದು ಬಿಡಿಸಿ ಸಮಯ ಹೇಳುತ್ತದೆ. ಲಾಗಿನ್ ಪರದೆ ಯಾವ ಕ್ಷಣಕ್ಕೆ ಬಂತು ಎಂಬುದನ್ನು ಹೇಳುವುದಿಲ್ಲ. ಕಂಟೇನರ್‌ಗಳನ್ನು ಓಡಿಸುವ ಡಾಕರ್ ಇರುವ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ನೆಟ್‌ವರ್ಕ್ ಆನ್‌ಲೈನ್ ಆದ ಮೇಲೆಯೇ ನನ್ನನ್ನು ಶುರುಮಾಡಿ ಎಂದು ಡಾಕರ್‌ನ ಸರ್ವಿಸ್ ಫೈಲಿನಲ್ಲಿ ಬರೆದಿರುತ್ತದೆ. ಆ ಕೋರಿಕೆಯಿಂದಾಗಿ ವೇಟ್-ಆನ್‌ಲೈನ್ ಓಡುತ್ತದೆ, ಒಟ್ಟು ಲೆಕ್ಕ ಅಷ್ಟು ಉದ್ದವಾಗುತ್ತದೆ. ಆದರೆ ಲಾಗಿನ್ ಪರದೆ ತರುವ ಜಿಡಿಎಮ್ ಡಾಕರ್‌ಗಾಗಿ ಕಾಯುವುದಿಲ್ಲ. ನೀವು ಪಾಸ್‌ವರ್ಡ್ ಕೊಟ್ಟು ಒಳಗೆ ಬಂದಮೇಲೂ ಹಿಂದುಗಡೆ ಕಾಯುವುದು ನಡೆದೇ ಇರಬಹುದು. ಇಂಥ ಕಡೆ ಡಿಸೇಬಲ್ ಮಾಡಿದರೆ ಇಳಿಯುವುದು ಅಂಕಿ ಮಾತ್ರ. ಪರದೆಯ ಮುಂದೆ ಕೂತವರಿಗೆ ಒಂದು ಸೆಕೆಂಡೂ ಉಳಿಯುವುದಿಲ್ಲ.

ಕಾಲೇಜಿನ ಅಥವಾ ಆಫೀಸಿನ ಸರ್ವರ್‌ನಲ್ಲಿರುವ ಫೋಲ್ಡರನ್ನು ಬೂಟ್‌ನಲ್ಲೇ ಎನ್‌ಎಫ್‌ಎಸ್ ಮೂಲಕ ಮೌಂಟ್ ಆಗಲೆಂದು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದಿಟ್ಟುಕೊಂಡವರ ಕಥೆಯೇ ಬೇರೆ. ಅಲ್ಲಿ ತಡ ನಿಜವಾದದ್ದು. ಫೋಲ್ಡರ್ ಮೌಂಟ್ ಆಗಲು ನೆಟ್‌ವರ್ಕ್ ಬೇಕು; ಆ ಮೌಂಟ್ ಮುಗಿಯದೆ ‘ರಿಮೋಟ್-ಎಫ್‌ಎಸ್’ ಹಂತ ದಾಟುವುದಿಲ್ಲ; ಅದು ದಾಟದೆ ಬಳಕೆದಾರರನ್ನು ಒಳಬಿಡುವ ‘ಯೂಸರ್-ಸೆಷನ್ಸ್’ ಸರ್ವಿಸ್ ಶುರುವಾಗುವುದಿಲ್ಲ. ಲ್ಯಾಪ್‌ಟಾಪನ್ನು ಮನೆಗೆ ತಂದ ದಿನ ಆಫೀಸಿನ ಸರ್ವರ್ ಸಿಗದೆ ಇಡೀ ಸರಪಳಿ ಅಲ್ಲೇ ನಿಲ್ಲುತ್ತದೆ. ಇಲ್ಲಿಯೂ ವೇಟ್-ಆನ್‌ಲೈನನ್ನೇ ತೆಗೆದುಹಾಕಿದರೆ ನೆಟ್‌ವರ್ಕ್ ಬರುವ ಮೊದಲೇ ಮೌಂಟ್‌ಗೆ ಪ್ರಯತ್ನ ನಡೆಯುತ್ತದೆ, ಆಫೀಸಿನಲ್ಲಿದ್ದಾಗಲೂ ಅದು ಕೈಕೊಡಬಹುದು. ಸರಿಯಾದ ರಿಪೇರಿ ಎಫ್‌ಎಸ್‌ಟ್ಯಾಬ್‌ನ ಅದೇ ಸಾಲಿನಲ್ಲಿದೆ: ‘ನೋಆಟೋ’ ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಎಂಬ ಎರಡು ಆಯ್ಕೆ ಸೇರಿಸಿದರೆ ಬೂಟ್ ಈ ಮೌಂಟ್‌ಗಾಗಿ ಕಾಯದೆ ಮುಗಿಯುತ್ತದೆ. ಆ ಫೋಲ್ಡರನ್ನು ತೆರೆದಾಗಷ್ಟೇ ಮೌಂಟ್ ಆಗುತ್ತದೆ.

ನೆಟ್‌ವರ್ಕ್‌ಮ್ಯಾನೇಜರ್ ಬದಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಯಂತ್ರಗಳಲ್ಲಿ ಕಾಟ ಇನ್ನೂ ಹೆಚ್ಚು, ಏಕೆಂದರೆ ಅದರ ವೇಟ್-ಆನ್‌ಲೈನ್‌ಗೆ ಇರುವ ಗಡುವು 120 ಸೆಕೆಂಡು. ಉಬುಂಟು ಸರ್ವರ್ ಆವೃತ್ತಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಕೇಬಲ್ ಚುಚ್ಚದ ಈಥರ್‌ನೆಟ್ ಪೋರ್ಟನ್ನು ನೆಟ್‌ಪ್ಲಾನ್ ಎಂಬ ನೆಟ್‌ವರ್ಕ್ ಸೆಟ್ಟಿಂಗ್ ಫೈಲಿನಲ್ಲಿ ಹಾಗೇ ಬಿಟ್ಟವರಿಗೆ ಇದು ಪರಿಚಿತ. ಆ ಪೋರ್ಟ್‌ಗೆ ‘ಆಪ್ಷನಲ್: ಟ್ರೂ’ ಎಂದು ಬರೆದರೆ ಸಾಕು.

ಅಳತೆಯ ವಿಷಯದಲ್ಲಿ ನನಗೆ ಈಗಲೂ ಮಾದರಿ ಎನಿಸುವುದು 2008ರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಆರ್ಯನ್ ವ್ಯಾನ್ ಡೆ ವೆನ್ ಮತ್ತು ಔಕೆ ಕಾಕ್ ತೋರಿಸಿದ ಕೆಲಸ. ಏಸೂಸ್ ಈ-ಪಿಸಿ ಎಂಬ ಪುಟ್ಟ ಯಂತ್ರವನ್ನು 5 ಸೆಕೆಂಡಿನಲ್ಲಿ ಬೂಟ್ ಮಾಡಿಸಿದ್ದರು. ಬೂಟ್ ಮುಗಿಯಿತು ಎಂದರೆ ಪ್ರೊಸೆಸರ್ ಮತ್ತು ಡಿಸ್ಕ್ ಎರಡೂ ಬಿಡುವಾಗಿರಬೇಕು ಎಂದು ಮೊದಲೇ ಗೆರೆ ಎಳೆದುಕೊಂಡರು. ಆಮೇಲೆ ಕರ್ನೆಲ್‌ಗೆ 1, ಆರಂಭದ ಕೆಲಸಗಳಿಗೆ 1, ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್‌ಗೆ 1, ಡೆಸ್ಕ್‌ಟಾಪ್‌ಗೆ 2 ಎಂದು ಸೆಕೆಂಡುಗಳನ್ನು ಹಂಚಿದರು. ಯಾರೋ ಕೆಲವರಿಗೆ ಮಾತ್ರ ಬೇಕಾದ ಸೆಂಡ್‌ಮೇಲ್ ಎಂಬ ಮೇಲ್ ಸರ್ವಿಸ್‌ಗಾಗಿ ಉಳಿದವರೆಲ್ಲ ಬೂಟ್‌ನಲ್ಲಿ ಕಾಯಬೇಕೇ ಎಂದು ಅವರು ಅಂದೇ ಕೇಳಿದ್ದರು. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ ಸರ್ವಿಸ್‌ಗಳನ್ನು ಒಟ್ಟೊಟ್ಟಿಗೆ ಎಬ್ಬಿಸಿ ಆ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು, ಅದು ದೊಡ್ಡ ಸಾಧನೆ. ಆದರೆ ನೆಟ್‌ವರ್ಕ್ ಬಂದೇ ತೀರಬೇಕು ಎಂದು ಪಟ್ಟುಹಿಡಿಯುವ ಸರ್ವಿಸ್‌ಗಳನ್ನು ಬರೆಯುವವರು ಬದಲಾಗಲಿಲ್ಲ. ಲ್ಯಾಪ್‌ಟಾಪ್‌ಗೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ, ದಿನಕ್ಕೆ ಹತ್ತು ಸಲ ಬದಲಾಗುತ್ತದೆ. ಅದನ್ನು ತಾಳಿಕೊಳ್ಳುವ ಶಕ್ತಿ ಪ್ರತಿ ಸರ್ವಿಸ್‌ನೊಳಗೇ ಇರಬೇಕು. ಇಲ್ಲದಿದ್ದರೆ ಆ ಸರ್ವಿಸ್‌ನದೇ ದೋಷ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸಿಸ್ಟಮ್‌ಡಿ-ಅನಲೈಜ್ ಉಪಕರಣದ ಪರವಾಗಿಯೂ ಒಂದು ಮಾತು. ‘ಕ್ರಿಟಿಕಲ್-ಚೈನ್’ ಎಂಬ ಅದರ ಇನ್ನೊಂದು ಆಜ್ಞೆ ಯಾವುದು ಯಾವುದರ ಹಿಂದೆ ನಿಂತಿತ್ತು ಎಂಬುದನ್ನು ಸರಪಳಿಯಾಗಿ ತೋರಿಸುತ್ತದೆ, ಬ್ಲೇಮ್‌ಗಿಂತ ಎಷ್ಟೋ ಮೇಲು. ಆದರೂ ನೆಟ್‌ವರ್ಕ್ ಬೇಕೆಂದು ಕೇಳಿದವರು ಯಾರ‍್ಯಾರು ಎಂಬ ಪೂರ್ತಿ ಪಟ್ಟಿ ಬೇಕಾದರೆ ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಡಿಪೆಂಡೆನ್ಸೀಸ್ --ರಿವರ್ಸ್ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಎಂಬ ಉದ್ದನೆಯ ಆಜ್ಞೆ ಬೇರೆಯಾಗಿ ಕೊಡಬೇಕು. ಡಿಸೇಬಲ್ ಮಾಡಿ ಎನ್ನುವ ಮೊದಲು ಆ ಆಜ್ಞೆಯನ್ನು ಕೊಡಿಸಿ ನೋಡುವ ಸಲಹೆಗಾರರು ತೀರಾ ವಿರಳ. ಬ್ಲೇಮ್ ಪಟ್ಟಿಯಲ್ಲೇ ಪ್ರತಿ ಹೆಸರಿನ ಪಕ್ಕ, ಇದನ್ನು ಕರೆಸಿದವರು ಇಂಥವರು ಎಂದು ಇನ್ನೊಂದು ಕಾಲಂ ಬಂದರೆ ಅವರಿಗೂ ಅದು ತಪ್ಪದೆ ಕಣ್ಣಿಗೆ ಬೀಳುತ್ತದೆ.