‘ಯಾತ್ರಿಕನ ಸಂಚಾರ’ದಲ್ಲಿ ಎಚ್ಚರಿಕೆಯ ವಿಚಾರ

ಧರ್ಮೋಪದೇಶವನ್ನೇ ಉದ್ದೇಶವಾಗಿ ಉಳ್ಳ ಗ್ರಂಥಗಳು ಸಾಹಿತ್ಯಪದವಿಗೆ ಏರುವುದು ವಿರಳ. ಉಪದೇಶವು ಪ್ರಬಲವಾದಲ್ಲಿ ರಸವು ಸೊರಗುವುದೆಂಬುದು ಸಹೃದಯರ ಸಾಮಾನ್ಯವಾದ ಆಕ್ಷೇಪ. ಇದಕ್ಕೆ ಅಪವಾದವಾಗಿ ನಿಂತಿರುವ ಕೆಲವೇ ಗ್ರಂಥಗಳಲ್ಲಿ ಆಂಗ್ಲಭಾಷೆಯ ಜಾನ್ ಬನ್ಯನ್ನನ ರೂಪಕಕಥೆಯೂ ಒಂದು. ಅದರ ಮೊದಲನೆಯ ಭಾಗವು 1678ರಲ್ಲಿಯೂ ಎರಡನೆಯ ಭಾಗವು 1684ರಲ್ಲಿಯೂ ಪ್ರಕಟವಾದುವು. ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಅದು ಕನ್ನಡಕ್ಕೂ ಬಂದಿದೆ. ದೇವರು ಕೊಡುವ ಎಚ್ಚರಿಕೆಯನ್ನು ಮನುಷ್ಯನು ದಿನದಿನದ ಬಾಳಿನಲ್ಲಿ ಹೇಗೆ ಕೇಳುತ್ತಾನೆ, ಹೇಗೆ ಕೇಳದೆ ಹೋಗುತ್ತಾನೆ ಎಂಬುದೇ ಆ ಕಥೆಯ ಜೀವಾಳವಾದುದರಿಂದ, ಆ ಒಂದು ಅಂಶವನ್ನು ಪರೀಕ್ಷಿಸಿದರೆ ಗ್ರಂಥದ ಯೋಗ್ಯತೆಯು ತಾನಾಗಿ ತಿಳಿಯುವುದು.

ಗ್ರಂಥಕರ್ತನು ಪಂಡಿತನಲ್ಲ. 1628ರಲ್ಲಿ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿ, ತಂದೆಯಂತೆ ತಾನೂ ಒಡೆದ ಪಾತ್ರೆಗಳನ್ನು ಸರಿಪಡಿಸಿ ಹೊಟ್ಟೆಹೊರೆದವನು. 1666ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಅವನು ತನ್ನ ಯೌವನದ ಒಂದು ಭಾನುವಾರವನ್ನು ವರ್ಣಿಸಿದ್ದಾನೆ. ನಮ್ಮ ಚಿಣ್ಣಿದಾಂಡಿನಂಥ ಆಟವಾಡುತ್ತ, ಒಂದು ಪೆಟ್ಟು ಹೊಡೆದು ಎರಡನೆಯದಕ್ಕೆ ಕೈಯೆತ್ತಿದಾಗ, ಪಾಪವನ್ನು ಬಿಡುವೆಯೋ ಇಲ್ಲವೋ ಎಂದು ಕೇಳುವ ವಾಣಿಯೊಂದು ಆಕಾಶದಿಂದ ಅವನ ಅಂತರಂಗಕ್ಕೆ ನೆಟ್ಟಿತಂತೆ. ಅನಂತರ ಅವನು ಮಾಡಿದುದೇನು? ತನಗೆ ಕಾಲವು ಮೀರಿತೆಂದು ನಿರ್ಧರಿಸಿ, ಮತ್ತೆ ಆಟಕ್ಕೇ ಇಳಿದನು. ಆಕಾಶವಾಣಿಯನ್ನು ಕೇಳಿಯೂ ಆಟವನ್ನು ನಿಲ್ಲಿಸದವನಿಗೆ, ಎಚ್ಚರಿಕೆಯು ಕಿವಿಗೆ ಬಿದ್ದ ಮಾತ್ರದಿಂದ ಮನುಷ್ಯನು ತಿದ್ದಿಕೊಳ್ಳುವನೆಂಬ ಭ್ರಮೆಯು ಉಳಿಯುವಂತಿರಲಿಲ್ಲ.

ಆದಕಾರಣವೇ ‘ಯಾತ್ರಿಕನ ಸಂಚಾರ’ದಲ್ಲಿ ದೈವಪ್ರೇರಣೆಯು ಬಹುಮಟ್ಟಿಗೆ ಸಾಮಾನ್ಯ ವಸ್ತುಗಳ ರೂಪದಲ್ಲಿ ಬರುತ್ತದೆ. ಒಂದು ಸುರುಳಿ, ಒಂದು ಬೀಗದ ಕೈ, ದಾರಿಯ ವಿವರವುಳ್ಳ ಒಂದು ಚೀಟಿ. ಯಾತ್ರಿಕನು ಇವುಗಳಿಗಾಗಿ ಹುಡುಕಬೇಕಾದುದಿಲ್ಲ. ಮೂರೂ ಅವನ ಬಳಿಯಲ್ಲಿಯೇ ಇರುವುವು. ಕಷ್ಟಗಿರಿಯ ನಡುವಣ ಲತಾಮಂಟಪದಲ್ಲಿ ಅವನು ಸುರುಳಿಯನ್ನು ಓದುತ್ತ ನಿದ್ರೆಹೋಗಿ, ಕೈಯಿಂದ ಜಾರಿಸಿಕೊಂಡು, ಬಂದ ದಾರಿಯನ್ನೇ ಅಳುತ್ತ ಮತ್ತೆ ತುಳಿಯುತ್ತಾನೆ. ರಾಜಮಾರ್ಗವು ಕಲ್ಲುಮುಳ್ಳಾಗಿ ಕಾಲು ನೊಂದಾಗ, ಬೇಲಿಯಾಚೆಯ ಹುಲ್ಲುಗಾವಲಿನ ಕಾಲುದಾರಿಯನ್ನು ಹಿಡಿಯುತ್ತಾನೆ. ಜೊತೆಗಾರನಾದ ಆಶಾವಂತನು, ಇದು ದಾರಿ ತಪ್ಪಿಸಿದರೆ ಗತಿಯೇನೆಂದು ಶಂಕಿಸಿದರೂ, ಹಿರಿಯನಾದ ಯಾತ್ರಿಕನು ಅವನನ್ನು ಒಪ್ಪಿಸುತ್ತಾನೆ. ಫಲವಾಗಿ ಇಬ್ಬರೂ ನಿರಾಶಾರಾಕ್ಷಸನ ಸಂದೇಹದುರ್ಗದಲ್ಲಿ ಬುಧವಾರದಿಂದ ಶನಿವಾರದ ರಾತ್ರಿಯವರೆಗೆ ಅನ್ನನೀರಿಲ್ಲದೆ, ಪೆಟ್ಟು ತಿನ್ನುತ್ತ ಬಿದ್ದಿರುತ್ತಾರೆ. ರಾತ್ರಿಯೆಲ್ಲ ಪ್ರಾರ್ಥಿಸಿ ಬೆಳಗಾಗುವ ಹೊತ್ತಿಗೆ, ವಾಗ್ದಾನವೆಂಬ ಕೀಲಿಕೈಯು ತನ್ನ ಎದೆಯಲ್ಲಿಯೇ ಇದ್ದುದು ಯಾತ್ರಿಕನ ನೆನಪಿಗೆ ಬರುತ್ತದೆ.

ಮೂರನೆಯ ಸಂಗತಿಯು ಎಲ್ಲಕ್ಕಿಂತ ಮಾರ್ಮಿಕವಾದುದು. ರಮ್ಯಪರ್ವತದ ಕುರುಬರು ಅವರ ಕೈಗೆ ದಾರಿಯ ಚೀಟಿಯನ್ನು ಕೊಟ್ಟು, ಮುಖಸ್ತುತಿಗಾರನ ವಿಷಯದಲ್ಲಿ ಜಾಗ್ರತೆಯೆಂದು ಹೇಳಿ ಕಳುಹಿಸಿದ್ದರು. ಮುಂದೆ ಎರಡು ದಾರಿಗಳು ಕೂಡಿದಲ್ಲಿ ಶುಭ್ರವಾದ ನಿಲುವಂಗಿಯನ್ನು ತೊಟ್ಟವನೊಬ್ಬನು ಕರೆದಾಗ, ಇಬ್ಬರೂ ಅವನ ಹಿಂದೆ ಹೋಗಿ ಬಲೆಯಲ್ಲಿ ಸಿಕ್ಕಿಬೀಳುತ್ತಾರೆ. ಬಿಡಿಸಲು ಬಂದ ತೇಜೋಮಯನು ವಿಚಾರಿಸುವ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದುವು. ಚೀಟಿಯಿರಲಿಲ್ಲವೆ? ಇತ್ತು, ತೆಗೆದು ಓದಲು ಮರೆತೆವು. ಮುಖಸ್ತುತಿಗಾರನ ವಿಷಯವನ್ನು ಹೇಳಿರಲಿಲ್ಲವೆ? ಹೇಳಿದ್ದರು, ಇಷ್ಟು ಇಂಪಾಗಿ ಮಾತನಾಡುವವನೇ ಅವನೆಂದು ತಿಳಿಯಲಿಲ್ಲ. ಈ ಎರಡು ಉತ್ತರಗಳಲ್ಲಿ ಮಾನವಸ್ವಭಾವದ ಒಂದು ಅಧ್ಯಾಯವೇ ಅಡಗಿದೆ. ಎಚ್ಚರಿಕೆಯನ್ನು ಅವರು ಧಿಕ್ಕರಿಸಲಿಲ್ಲ, ಅವಿಶ್ವಾಸವನ್ನೂ ತೋರಲಿಲ್ಲ. ಕೇಳಿದುದನ್ನು ಎದುರಿಗೆ ನಿಂತ ವ್ಯಕ್ತಿಗೆ ಅನ್ವಯಿಸಿಕೊಳ್ಳಲಿಲ್ಲ, ಅಷ್ಟೆ. ಶಾಸ್ತ್ರಕಾರರು ಪ್ರಮಾದವೆಂದು ಹೆಸರಿಸಿದ ದೋಷವು ಇದೇ. ಅನಂತರ ತೇಜೋಮಯನು ಅವರನ್ನು ಹಗ್ಗದ ಚಾವಟಿಯಿಂದ ಶಿಕ್ಷಿಸಿ, ಸರಿಯಾದ ದಾರಿಗೆ ಹತ್ತಿಸುತ್ತಾನೆ. ಅವರು ಅವನಿಗೆ ಕೃತಜ್ಞತೆಯನ್ನು ಹೇಳಿ ಮುನ್ನಡೆಯುತ್ತಾರೆ.

ಸಂಸ್ಕೃತದಲ್ಲಿ ಈ ಜಾತಿಯ ರಚನೆಯು ಅಪೂರ್ವವೇನಲ್ಲ. ಹನ್ನೊಂದನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ ಮಹಾಮೋಹಾದಿಗಳೇ ಪಾತ್ರಗಳು. ಆದರೆ ಅಲ್ಲಿ ಗುಣಗಳು ರಾಜರಾಗಿ, ಸೇನೆ ಕಟ್ಟಿ ಕಾದುತ್ತವೆ. ಮನುಷ್ಯನ ಅಂತರಂಗವು ರಣರಂಗವಾಗಿ ಕಾಣುವುದೇ ಹೊರತು, ಕಾಲು ನೊಂದ ದಾರಿಗನ ಆಯಾಸವು ಕಾಣುವುದಿಲ್ಲ. ಬನ್ಯನ್ನನಲ್ಲಿ ತತ್ತ್ವವು ಕೆಸರನ್ನು ತುಳಿಯುತ್ತದೆ, ಮಳೆಯಲ್ಲಿ ನೆನೆಯುತ್ತದೆ. ದಾರ್ಶನಿಕ ಗಾಂಭೀರ್ಯದಲ್ಲಿ ಕೃಷ್ಣಮಿಶ್ರನೇ ಮೇಲು. ಮನೆಮಂದಿಯ ಅನುಭವಕ್ಕೆ ಸಮೀಪವಾಗಿರುವುದರಲ್ಲಿ ಬನ್ಯನ್ನನು ಮೇಲು.

ಗ್ರಂಥದಲ್ಲಿ ದೋಷವಿಲ್ಲವೆನ್ನಲಾಗದು. ಅಜ್ಞಾನಿಯೆಂಬ ತರುಣನನ್ನು ಕವಿಯು ಸ್ವರ್ಗದ್ವಾರದವರೆಗೆ ನಡೆಸಿ, ಅಲ್ಲಿಂದ ನರಕಕ್ಕೆ ತಳ್ಳಿಸುವುದು ಸಹೃದಯರ ಮನಸ್ಸನ್ನು ಕಲಕುತ್ತದೆ. ತನ್ನ ಹೃದಯವು ಹೇಳುವುದೇ ತನಗೆ ಪ್ರಮಾಣವೆಂದು ನಂಬಿದುದು ಆ ತರುಣನ ಅಪರಾಧ. ಮನಸ್ಸಿನ ಇಷ್ಟಕ್ಕೂ ದೇವರ ಪ್ರೇರಣೆಗೂ ಭೇದವುಂಟೆಂಬ ಕವಿಯ ಅಭಿಪ್ರಾಯವು ಯುಕ್ತವೇ. ಆದರೆ ಯಾತ್ರಿಕನಿಗೆ ಪದೇಪದೇ ದೊರೆತ ಕ್ಷಮೆಯು ಇವನಿಗೆ ಒಮ್ಮೆಯಾದರೂ ದೊರೆಯಬಾರದಿತ್ತೆ? ಇಲ್ಲಿ ಸಿದ್ಧಾಂತವು ಕವಿಯ ಕರುಣೆಯನ್ನು ಮೀರಿತು. ಆದರೂ ಆ ಸಿದ್ಧಾಂತವನ್ನು ಅವನು ಅಗ್ಗವಾಗಿ ಕೊಂಡವನಲ್ಲವೆಂಬುದನ್ನು ಮರೆಯಲಾಗದು. ಉಪದೇಶವನ್ನು ನಿಲ್ಲಿಸುವೆನೆಂದು ಮಾತು ಕೊಟ್ಟಿದ್ದರೆ ಬಿಡುಗಡೆ ದೊರೆಯುತ್ತಿತ್ತು. ಅದನ್ನು ಕೊಡದೆ, ಕುರುಡುಮಗಳನ್ನೂ ಉಳಿದ ಮಕ್ಕಳನ್ನೂ ಹೆಂಡತಿಯ ಕೈಯಲ್ಲಿ ಬಿಟ್ಟು, 1660ರಿಂದ 1672ರವರೆಗೆ ಸೆರೆಯಲ್ಲಿದ್ದವನು ಅವನು.

ಎರಡನೆಯ ಭಾಗದಲ್ಲಿ ಈ ಕಾಠಿನ್ಯವು ಬಹುಮಟ್ಟಿಗೆ ಕರಗಿದೆ. ಅಲ್ಲಿ ದಾರಿ ನಡೆಯುವವರು ಯಾತ್ರಿಕನ ಹೆಂಡತಿ, ನಾಲ್ವರು ಮಕ್ಕಳು, ನೆರೆಮನೆಯ ತರುಣಿ, ಮುಂದೆ ಬಂದು ಸೇರುವ ಮುದುಕರು, ಕುಂಟರು. ಮಾರ್ಗದರ್ಶಿಯಾದ ಮಹಾಹೃದಯನು ಬೆಳಕಿದ್ದಾಗ ದಾರಿಯನ್ನು ಚೆನ್ನಾಗಿ ಬಲ್ಲವನು. ಆದರೂ ಮೋಹಭೂಮಿಯ ಕತ್ತಲೆಯಲ್ಲಿ ಅವನು ನಿಂತು, ಸದಾ ತನ್ನಲ್ಲಿರುವ ಚಕಮಕಿಯಿಂದ ಬೆಂಕಿ ಮಾಡಿ, ದಾರಿಯ ನಕ್ಷೆಯನ್ನು ತೆಗೆದು ನೋಡುತ್ತಾನೆ. ನೋಡದೆ ಹೋಗಿದ್ದರೆ ಎಲ್ಲರೂ ಮುಂದಿದ್ದ ಕೆಸರುಗುಂಡಿಯಲ್ಲಿ ಮುಳುಗುತ್ತಿದ್ದರು. ಮೊದಲನೆಯ ಭಾಗದ ಯಾತ್ರಿಕನು ಎದೆಯಲ್ಲಿಟ್ಟುಕೊಂಡು ಮರೆತ ಚೀಟಿಯನ್ನು ಇವನು ಕತ್ತಲೆಯಲ್ಲಿಯೂ ಬಿಚ್ಚಿ ಓದಿದನು. ಎರಡು ಭಾಗಗಳ ನಡುವಣ ಆರು ವರ್ಷಗಳಲ್ಲಿ ಪಾತ್ರೆ ಸರಿಪಡಿಸುವ ಈ ಕವಿಯು ಎಚ್ಚರಿಕೆಯ ವಿಷಯದಲ್ಲಿ ಕಲಿತ ಪಾಠವು ಇಷ್ಟೆಂದು ಹೇಳಬಹುದು: ನಕ್ಷೆಯನ್ನು ಕೊಡುವುದು ದೇವರಿಗೆ ಸೇರಿದುದು, ಚಕಮಕಿಯನ್ನು ಒಣಗಿಸಿಟ್ಟುಕೊಳ್ಳುವುದು ದಾರಿಗನಿಗೆ ಸೇರಿದುದು.