ಶಿಕಾಗೊ ಒಪ್ಪಿಕೊಂಡದ್ದು, ಮಾದಪ್ಪನ ಬೆಟ್ಟದಲ್ಲಿ ಯಾರೂ ಒಪ್ಪದೇ ಹೋದದ್ದು

ಶಿಕಾಗೊ ನಗರಸಭೆ 2015ರ ಮೇ 6ರಂದು ಅಂಗೀಕರಿಸಿದ ಕಟ್ಟಳೆಯನ್ನು ಕರ್ನಾಟಕದವರು ಓದಬೇಕು. ಅದು ತಪ್ಪಿಲ್ಲದ ಕಾನೂನೇನಲ್ಲ. ಆದರೆ ಒಂದು ಸರ್ಕಾರ ತನ್ನ ಪೊಲೀಸರ ಅಪರಾಧವನ್ನು ಅಪರಾಧಿಯ ಹೆಸರು ಹೇಳಿ ಒಪ್ಪಿಕೊಂಡ ದಾಖಲೆ ಅದು.

ಆ ಹೆಸರು ಪೊಲೀಸ್ ಅಧಿಕಾರಿ ಜಾನ್ ಬರ್ಜ್. ನಗರದ ದಕ್ಷಿಣ ಭಾಗದಲ್ಲಿ 1972ರಿಂದ 1991ರವರೆಗೆ ಅವನೂ ಅವನ ಕೈಕೆಳಗಿನವರೂ ನೂರಕ್ಕೂ ಹೆಚ್ಚು ಜನರನ್ನು, ಬಹುಪಾಲು ಕಪ್ಪು ಗಂಡಸರನ್ನು, ಠಾಣೆಗಳಲ್ಲಿ ಹಿಂಸಿಸಿದರು. ಕರೆಂಟ್ ಶಾಕ್ ಕೊಟ್ಟು, ಮುಖಕ್ಕೆ ಪ್ಲಾಸ್ಟಿಕ್ ಚೀಲ ಬಿಗಿದು ತಪ್ಪೊಪ್ಪಿಗೆ ಹೊರಡಿಸಿದರು. ಕಟ್ಟಳೆ ಬಂದದ್ದು ಸರ್ಕಾರದ ಕರುಣೆಯಿಂದಲ್ಲ, ಬದುಕುಳಿದವರು, ಅವರ ತಾಯಂದಿರು ಮತ್ತು ವಕೀಲರು ದಶಕಗಟ್ಟಲೆ ಹಟ ಹಿಡಿದದ್ದರಿಂದ. 55 ಲಕ್ಷ ಡಾಲರ್ ನಿಧಿಯಿಂದ ಒಬ್ಬೊಬ್ಬರಿಗೆ ಒಂದು ಲಕ್ಷದವರೆಗೆ ಹಣ, ಅಧಿಕೃತ ಕ್ಷಮಾಪಣೆ, ಆಪ್ತಸಲಹಾ ಕೇಂದ್ರ, ಮಕ್ಕಳು ಮೊಮ್ಮಕ್ಕಳಿಗೂ ನಗರದ ಕಾಲೇಜುಗಳಲ್ಲಿ ಉಚಿತ ಓದು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಶಿಕಾಗೊ ಸರ್ಕಾರಿ ಶಾಲೆಗಳ ಎಂಟನೆಯ ಮತ್ತು ಹತ್ತನೆಯ ತರಗತಿಯಲ್ಲಿ ಈ ಇತಿಹಾಸವನ್ನು ಪಾಠ ಮಾಡಲೇಬೇಕು. ಹಣ ಖರ್ಚಾಗಿ ಹೋಗುತ್ತದೆ. ಮಗುವಿನ ಪಠ್ಯಕ್ಕೆ ಸೇರಿದ್ದನ್ನು ಮುಂದಿನ ಮೇಯರ್ ಅಲ್ಲಗಳೆಯುವುದು ಕಷ್ಟ.

ಕೊರತೆಗಳು ಸಣ್ಣವಲ್ಲ. ಹಿಂಸೆಗಾಗಿ ಬರ್ಜ್‌ಗೆ ಶಿಕ್ಷೆಯಾಗಲೇ ಇಲ್ಲ; ಮೊಕದ್ದಮೆ ಹೂಡುವ ಕಾಲಮಿತಿ ಮುಗಿದಿತ್ತು. 2010ರಲ್ಲಿ ಅವನು ಅಪರಾಧಿಯೆಂದು ಸಾಬೀತಾದದ್ದು ಸುಳ್ಳು ಸಾಕ್ಷಿ ಮತ್ತು ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕೆ. ನಾಲ್ಕೂವರೆ ವರ್ಷದ ಜೈಲುಶಿಕ್ಷೆಯಾದರೂ ಪೆನ್ಷನ್ ಉಳಿಯಿತು. ಕಟ್ಟಳೆ ಬರುವ ಕೆಲವೇ ವಾರ ಮೊದಲು, 2015ರ ಫೆಬ್ರವರಿಯಲ್ಲಿ, 'ಗಾರ್ಡಿಯನ್' ಪತ್ರಿಕೆ ಹೋಮನ್ ಸ್ಕ್ವೇರ್ ಎಂಬ ಪೊಲೀಸ್ ಗೋದಾಮಿನ ಸಂಗತಿ ಹೊರಗೆಡವಿತ್ತು. ಅಲ್ಲಿಗೆ ಒಯ್ದವರನ್ನು, ಎಲ್ಲಿದ್ದಾರೆಂದು ಮನೆಯವರಿಗೂ ವಕೀಲರಿಗೂ ತಿಳಿಯದ ಹಾಗೆ ಇಡುತ್ತಿದ್ದರೆಂದು ಅದು ಬರೆಯಿತು; ಪೊಲೀಸರು ನಿರಾಕರಿಸಿದರು. ಅಂಥ ಕೂಡಿಹಾಕುವಿಕೆ ಕೆಲವು ಗಂಟೆಗಳದ್ದಾದರೂ ಬಲವಂತದ ಕಣ್ಮರೆಯ ಬೀಜ ಅದರಲ್ಲಿದೆ. ಹಳೆಯ ಪಾಪಕ್ಕೆ ಕ್ಷಮೆ ಕೇಳಿದ ನಗರ ಅಂದಿನ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಕಾಡುಗಳ್ಳ ವೀರಪ್ಪನ್ ಕೊಂದವರ ಪಟ್ಟಿ ಉದ್ದವಿದೆ. 1993ರ ಪಾಲಾರ್ ಸ್ಫೋಟವನ್ನು, ಅರಣ್ಯಾಧಿಕಾರಿ ಶ್ರೀನಿವಾಸ್ ಅವರ ಕೊಲೆಯನ್ನು ಮರೆಯುವಂತಿಲ್ಲ. ಆದರೆ ಅವನನ್ನು ಹುಡುಕಲು ಹೊರಟ ಕರ್ನಾಟಕ–ತಮಿಳುನಾಡು ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಸಿದ ಹಿಂಸಾಕೇಂದ್ರದ ಹೆಸರು 'ವರ್ಕ್‌ಶಾಪ್'. ಕಾಡಂಚಿನ ಊರುಗಳ ಗಂಡಸರು, ಹೆಂಗಸರು ಅಲ್ಲಿಯೂ ಕರೆಂಟ್ ಶಾಕ್ ತಿಂದರು. ಕರೆದೊಯ್ದವರಲ್ಲಿ ಕೆಲವರು ಎನ್‌ಕೌಂಟರ್ ಸುದ್ದಿಯಾದರು, ಕೆಲವರು ಸುದ್ದಿಯೂ ಆಗಲಿಲ್ಲವೆಂದು ಮನೆಯವರು ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ನೇಮಿಸಿತು. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ಸರಾಸರಿ ಮೂರು ಲಕ್ಷದ ಆಸುಪಾಸು. ಅಷ್ಟರಲ್ಲಾಗಲೇ, 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ ಮೇಲೆ, ತಮಿಳುನಾಡು ತನ್ನ ಎಸ್‌ಟಿಎಫ್ ಸಿಬ್ಬಂದಿಗೆ ಹಣ, ನಿವೇಶನ, ಬಡ್ತಿ ಕೊಟ್ಟಾಗಿತ್ತು. ಪರಿಹಾರದ ಜೊತೆ ಕ್ಷಮೆಯಿರಲಿಲ್ಲ. 'ವರ್ಕ್‌ಶಾಪ್'ನಲ್ಲಿ ನಡೆದದ್ದಕ್ಕೆ ಯಾವ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಆಗುವುದೇ ಇಲ್ಲ ಎನ್ನುವಂತೆಯೂ ಇಲ್ಲ: ಪಕ್ಕದ ಧರ್ಮಪುರಿಯ ವಾಚಾತಿ ಹಳ್ಳಿಯವರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ 2011ರಲ್ಲಿ 269 ಸರ್ಕಾರಿ ನೌಕರರು ಅಪರಾಧಿಗಳೆಂದು ತೀರ್ಮಾನವಾಯಿತು. ಅಲ್ಲಿಯೂ ಹತ್ತೊಂಬತ್ತು ವರ್ಷ ಹಿಡಿಯಿತು, ಆದರೂ ನಡೆಯಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಎಸ್‌ಟಿಎಫ್‌ನಿಂದ ನೊಂದವರಿಗೆ ಪರಿಹಾರವೂ ಒಂದಾಗಿತ್ತು. ಬಡವರ ನ್ಯಾಯದ ಮಾತು ನಾಡಿನ ಕಿವಿಗೆ ಬಿದ್ದದ್ದು ಒಬ್ಬ ಕೊಲೆಗಾರನ ಬಾಯಿಂದ. ಹಾಗಾಗಿ ಅದು ಕಳಂಕಿತವಾಯಿತು. ಆಮೇಲೆ ಬಂದ 'ಕಿಲ್ಲಿಂಗ್ ವೀರಪ್ಪನ್'ನಂಥ ಸಿನಿಮಾಗಳಲ್ಲಿ ಪೊಲೀಸರೇ ನಾಯಕರು. ಆ ಹಳ್ಳಿಗಳ ಹೆಂಗಸರ ಕಡೆಯಿಂದ ಕಥೆ ಹೇಳುವ ಧೈರ್ಯ ನಮ್ಮ ಜನಪ್ರಿಯ ಚಿತ್ರರಂಗಕ್ಕೆ ಬರಲಿಲ್ಲ.

2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಬಲವಂತದ ಕಣ್ಮರೆ ಕುರಿತ ಒಡಂಬಡಿಕೆ ಎರಡು ಊರಿನ ಗಾಯಕ್ಕೂ ಮದ್ದು ಬರೆದಿದೆ. ಕಣ್ಮರೆಯಾದವನ ಗತಿ ತಿಳಿಯುವವರೆಗೆ ಅಪರಾಧ ಮುಂದುವರಿಯುತ್ತಲೇ ಇರುತ್ತದೆ, ಕಾಲಮಿತಿಯ ಲೆಕ್ಕ ಅಲ್ಲಿಯವರೆಗೆ ಶುರುವಾಗುವುದಿಲ್ಲ. ಮನೆಯವರೂ ಸಂತ್ರಸ್ತರೇ, ಸತ್ಯ ತಿಳಿಯುವುದು ಅವರ ಹಕ್ಕು. ನಮ್ಮ ಕಾನೂನಿನಲ್ಲಿ ಕಾಣೆಯಾದವನು ಸತ್ತನೆಂದು ಭಾವಿಸಲು ಏಳು ವರ್ಷ ಬೇಕು. ಅಷ್ಟು ದಿನ ಅವನ ಹೆಂಡತಿಗೆ ವಿಧವಾ ವೇತನವಿಲ್ಲ, ಜಮೀನಿನ ಖಾತೆ ಬದಲಾಗುವುದಿಲ್ಲ. ಭಾರತ 2007ರಲ್ಲಿ ಒಡಂಬಡಿಕೆಗೆ ಸಹಿ ಹಾಕಿ ಅನುಮೋದಿಸದೆ ಬಿಟ್ಟಿದೆ. ಅಮೆರಿಕ ಸಹಿಯನ್ನೂ ಹಾಕಿಲ್ಲ.

ಕರ್ನಾಟಕದ ವಿಧಾನಮಂಡಲ 'ವರ್ಕ್‌ಶಾಪ್' ಎಂಬ ಹೆಸರನ್ನು ಬರೆದು ಕ್ಷಮೆ ಕೇಳುವ ನಿರ್ಣಯ ಮಾಡಬೇಕು, ಸದಾಶಿವ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹನೂರಿನ ಊರುಗಳಿಗೆ ಹಂಚಬೇಕು. ಇಲ್ಲಿ ಶಿಕಾಗೊ ಹೊರವಲಯದ ನೇಪರ್‌ವಿಲ್‌ನಲ್ಲಿರುವ ನಮಗೂ ಕೆಲಸವಿದೆ. ಬರ್ಜ್ ಪಾಠದ ಕಡ್ಡಾಯ ಶಿಕಾಗೊದ ಗಡಿಯಲ್ಲೇ ನಿಲ್ಲುತ್ತದೆ. ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಓದುವ ನಮ್ಮ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. 203 ಮತ್ತು 204ನೇ ಶಾಲಾ ಜಿಲ್ಲೆಗಳ ಮಂಡಳಿ ಸಭೆಯಲ್ಲಿ ಯಾವ ನಿವಾಸಿಯೂ ಎದ್ದು ನಿಂತು ಮಾತಾಡಬಹುದು.